ಮಲೆನಾಡಿನ ಕಾರಿಗೆ ಹೊಸ ಡೋರ್ ಸ್ಪೀಕರ್: ಮನೆಯಲ್ಲೇ ಅಳವಡಿಸುವ ಕ್ರಮ

ಕಾರಿನ ಬಾಗಿಲಿನೊಳಗೆ ಮಳೆಯ ನೀರು ಇಳಿಯುವುದಿಲ್ಲವೆಂದು ಬಹಳ ಜನ ನಂಬಿದ್ದಾರೆ. ಆದರೆ ನೀರು ಒಳಗೆ ಬಂದೇ ಬರುತ್ತದೆ ಎಂಬ ಲೆಕ್ಕದ ಮೇಲೆಯೇ ಕಾರಿನ ಬಾಗಿಲನ್ನು ಕಟ್ಟಿರುತ್ತಾರೆ. ಗಾಜು ಸರಿದಾಡುವ ಸಂದಿಯಲ್ಲಿರುವ ರಬ್ಬರ್ ಬೀಡಿಂಗ್ ನೀರನ್ನು ಒರೆಸುತ್ತದೆಯೇ ಹೊರತು ಪೂರ್ತಿ ತಡೆಯುವುದಿಲ್ಲ. ಒಳಗಿಳಿದ ನೀರು ಹೊರತಗಡಿನ ಒಳಮೈ ಹಿಡಿದು ಜಾರಿ, ಬಾಗಿಲಿನ ತಳದಲ್ಲಿರುವ ಸಣ್ಣ ತೂತುಗಳಿಂದ ಹೊರಗೆ ಹೋಗುತ್ತದೆ. ಸ್ಪೀಕರಿನ ಮುಖ ನಮ್ಮ ಕಡೆಗಿದ್ದರೂ ಅದರ ಅಯಸ್ಕಾಂತ, ಕಾಯಿಲ್ (ತಂತಿಯ ಸುರುಳಿ) ಮತ್ತು ವೈರಿನ ಜೋಡಣೆಗಳೆಲ್ಲ ಇರುವುದು ಈ ಒದ್ದೆ ಜಾಗದಲ್ಲಿ. ವರ್ಷಕ್ಕೆ ಸರಾಸರಿ ೭೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಮುತ್ತ, ಹಾಗೆಯೇ ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಹಳ್ಳಿಗಳಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಜಾಗ ಒಣಗುವುದೇ ಅಪರೂಪ. ಬಯಲುಸೀಮೆಯಲ್ಲಿ ಸಾಕಾಗುವ ಕ್ರಮ ನಮ್ಮಲ್ಲಿ ಸಾಲದಿರುವುದಕ್ಕೆ ಇದೇ ಕಾರಣ. ನೀರಿನ ದಾರಿ ತಿಳಿದು ಕೂರಿಸಿದ ಸಾಧಾರಣ ಬೆಲೆಯ ಸ್ಪೀಕರ್ ಹಲವು ಮಳೆಗಾಲ ಬಾಳುತ್ತದೆ. ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಶೀಟನ್ನು ಹರಿದು ಅವಸರದಲ್ಲಿ ಕೂರಿಸಿದ ದುಬಾರಿ ಸ್ಪೀಕರ್ ಬೇಗ ಕೆಡುವುದಲ್ಲದೆ ಕಾರಿನ ನೆಲಹಾಸನ್ನೂ ಒದ್ದೆ ಮಾಡುತ್ತದೆ.

ಹೊಸದನ್ನು ಕೊಳ್ಳುವ ಮೊದಲು ಹಳೆಯದು ನಿಜವಾಗಿಯೂ ಕೆಟ್ಟಿದೆಯೇ ಎಂದು ನೋಡುವುದು ಒಳ್ಳೆಯದು. ಧ್ವನಿಯನ್ನು ಎಡ ಬಲಕ್ಕೂ ಹಿಂದೆ ಮುಂದಕ್ಕೂ ಹಂಚುವ ಸ್ಟೀರಿಯೋದ ಬ್ಯಾಲೆನ್ಸ್ ಮತ್ತು ಫೇಡರ್‌ಗಳನ್ನು ಒಂದೊಂದು ಮೂಲೆಗೆ ತಿರುಗಿಸಿದರೆ ಯಾವ ಬಾಗಿಲಿನ ಧ್ವನಿ ಕರಕರ ಎನ್ನುತ್ತಿದೆ, ಯಾವುದು ಬಿಟ್ಟು ಬಿಟ್ಟು ಬರುತ್ತಿದೆ ಎಂಬುದು ತಿಳಿಯುತ್ತದೆ. ಬಿಟ್ಟು ಬಿಟ್ಟು ಬರುವ ಧ್ವನಿಗೆ ಹಲವು ಸಲ ಸ್ಪೀಕರ್ ಕಾರಣವಾಗಿರುವುದಿಲ್ಲ. ವೈರುಗಳನ್ನು ಜೋಡಿಸುವ ಕಪ್ಲರಿನ ಪಿನ್ನುಗಳ ಮೇಲೆ ಹಸಿರು ಕಿಲುಬು ಹಿಡಿದಿರುತ್ತದೆ, ಅದನ್ನು ಸ್ವಚ್ಛಗೊಳಿಸಿದರೆ ಅಷ್ಟಕ್ಕೇ ಕೆಲಸ ಮುಗಿಯುತ್ತದೆ. ಬಿಚ್ಚಿದ ಸ್ಪೀಕರಿನ ಎರಡು ಕಾಲುಗಳಿಗೆ (ವೈರು ಸಿಕ್ಕಿಸುವ ಲೋಹದ ನಾಲಿಗೆಗಳಿಗೆ) ಓಮ್‌ಗೆ, ಎಂದರೆ ವಿದ್ಯುತ್ ತಡೆಯ ಅಳತೆಗೆ, ಇಟ್ಟ ಮಲ್ಟಿಮೀಟರ್ ಹಿಡಿದಾಗ, ೪ ಓಮ್ ಎಂದು ಬರೆದಿರುವ ಸ್ಪೀಕರ್ ಸಾಮಾನ್ಯವಾಗಿ ೩.೨ರಿಂದ ೩.೮ರವರೆಗೆ ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ ಎಂದರ್ಥ. ಅಳತೆ ಸರಿಯಿದ್ದೂ ಧ್ವನಿ ಒಡೆಯುತ್ತಿದ್ದರೆ ಕೋನಿನ (ಕಂಪಿಸಿ ಧ್ವನಿ ಹೊರಡಿಸುವ ಭಾಗದ) ಅಂಚು ಬಿರಿದಿದೆಯೇ, ಕೋನನ್ನು ಬೆರಳುಗಳಿಂದ ಸಮನಾಗಿ ಒತ್ತಿದಾಗ ಒಳಗೆ ಏನಾದರೂ ಉಜ್ಜುತ್ತದೆಯೇ ಎಂದು ಪರೀಕ್ಷಿಸಬೇಕು.

ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆಗೆ ಮರುಳಾಗಬಾರದು. ೩೦೦ ವ್ಯಾಟ್, ೩೫೦ ವ್ಯಾಟ್ ಎಂದು ಮುದ್ರಿಸಿರುವುದು ಕ್ಷಣಮಾತ್ರದ ಗರಿಷ್ಠ ಸಾಮರ್ಥ್ಯ. ನಾವು ನೋಡಬೇಕಾದದ್ದು ಆರ್‌ಎಂಎಸ್ ವ್ಯಾಟ್ (ಸತತವಾಗಿ ತಾಳುವ ಶಕ್ತಿ) ಮತ್ತು ಅದಕ್ಕಿಂತ ಮುಖ್ಯವಾಗಿ ಸೆನ್ಸಿಟಿವಿಟಿ, ಎಂದರೆ ಕೊಟ್ಟ ಶಕ್ತಿಗೆ ಸ್ಪೀಕರ್ ಎಷ್ಟು ಡೆಸಿಬೆಲ್ ಜೋರಾಗಿ ನುಡಿಯುತ್ತದೆ ಎಂಬ ಅಳತೆ. ಕಂಪನಿಯ ಸ್ಟೀರಿಯೋದ ಮೇಲೆ ೫೦ ವ್ಯಾಟ್ ಗುಣಿಸು ನಾಲ್ಕು ಎಂದು ಬರೆದಿದ್ದರೂ, ಎಂಜಿನ್ ಓಡುವಾಗ ಸಿಗುವ ಸುಮಾರು ೧೪.೪ ವೋಲ್ಟಿನಿಂದ ೪ ಓಮ್ ಸ್ಪೀಕರಿಗೆ ಒಡಕಿಲ್ಲದೆ ಕೊಡಲು ಸಾಧ್ಯವಿರುವುದು ಲೆಕ್ಕದ ಪ್ರಕಾರವೇ ೨೬ ವ್ಯಾಟಿಗೆ ಒಳಗೆ, ಸೋರಿಕೆಗಳನ್ನು ಕಳೆದರೆ ೨೦ ವ್ಯಾಟಿನ ಆಸುಪಾಸು. ಇಷ್ಟು ಕಡಿಮೆ ಶಕ್ತಿಯಲ್ಲಿ ಗಟ್ಟಿಯಾಗಿ ನುಡಿಯುವುದು ಸೆನ್ಸಿಟಿವಿಟಿ ಹೆಚ್ಚಿರುವ ಸ್ಪೀಕರ್ ಮಾತ್ರ. ೮೭ ಡೆಸಿಬೆಲ್‌ನ ಸ್ಪೀಕರ್ ೯೦ ಡೆಸಿಬೆಲ್‌ನದರಷ್ಟೇ ಜೋರಾಗಿ ಕೇಳಬೇಕಾದರೆ ಅದಕ್ಕೆ ಎರಡು ಪಟ್ಟು ವಿದ್ಯುತ್ ಬೇಕಾಗುತ್ತದೆ. ಬೇರೆ ಆಂಪ್ಲಿಫೈಯರ್ ಹಾಕುವ ಯೋಚನೆ ಇಲ್ಲದವರು ೯೦ ಅಥವಾ ಅದಕ್ಕೂ ಮೇಲಿನದನ್ನು ಆರಿಸಿಕೊಳ್ಳುವುದು ಲೇಸು. ಇಲ್ಲಿಯೂ ಒಂದು ಎಚ್ಚರ ಬೇಕು: ಕೆಲವು ಕಂಪನಿಗಳು ೧ ವ್ಯಾಟಿನಲ್ಲಿ ಅಳೆಯುತ್ತವೆ, ಕೆಲವು ೨.೮೩ ವೋಲ್ಟಿನಲ್ಲಿ ಅಳೆಯುತ್ತವೆ. ೪ ಓಮ್ ಸ್ಪೀಕರಿಗೆ ೨.೮೩ ವೋಲ್ಟ್ ಎಂದರೆ ೨ ವ್ಯಾಟ್ ಆಗುವುದರಿಂದ ಆ ಸಂಖ್ಯೆಯಲ್ಲಿ ೩ ಡೆಸಿಬೆಲ್ ಕಳೆದು ಹೋಲಿಸಬೇಕು. ಓಮ್ ವಿಷಯದಲ್ಲಿ ಸಾಹಸ ಬೇಡ. ಸ್ಟೀರಿಯೋ ೪ ಓಮ್‌ಗೆ ತಯಾರಾಗಿದ್ದರೆ ೨ ಓಮ್‌ನ ಸ್ಪೀಕರ್ ಹಾಕಿದಾಗ ಅದರ ಔಟ್‌ಪುಟ್ ಐಸಿ (ಸ್ಪೀಕರಿಗೆ ಶಕ್ತಿ ಕೊಡುವ ಚಿಪ್) ಕಾದು ಸುಟ್ಟುಹೋಗುವ ಸಂಭವವಿದೆ.

ಅಳತೆಯಲ್ಲಿ ಅಗಲವೊಂದನ್ನೇ ಎಲ್ಲರೂ ಕೇಳುತ್ತಾರೆ. ಮುಂಬಾಗಿಲುಗಳಲ್ಲಿ ಸಾಮಾನ್ಯವಾಗಿ ೬.೫ ಇಂಚಿನದು, ಕೆಲವು ಕಾರುಗಳಲ್ಲಿ ೫.೨೫ ಇಂಚಿನದು ಕೂರುತ್ತದೆ. ಆದರೆ ಮನೆಗೆ ತಂದ ಮೇಲೆ ತೊಂದರೆ ಕೊಡುವುದು ಆಳ. ಕಾರಿನೊಂದಿಗೆ ಬಂದ ಸ್ಪೀಕರಿನ ಅಯಸ್ಕಾಂತ ಚಿಕ್ಕದು. ಹೊಸದರ ಅಯಸ್ಕಾಂತ ದಪ್ಪವಾಗಿದ್ದು, ಗಾಜು ಪೂರ್ತಿ ಕೆಳಗಿಳಿದಾಗ ಅದಕ್ಕೆ ತಾಗಬಹುದು. ಆದ್ದರಿಂದ ಬಾಗಿಲನ್ನು ಒಮ್ಮೆ ಬಿಚ್ಚಿ, ಗಾಜನ್ನು ತಳದವರೆಗೆ ಇಳಿಸಿ, ಸ್ಪೀಕರ್ ಕೂರುವ ತಗಡಿನಿಂದ ಗಾಜಿನವರೆಗೆ ಎಷ್ಟು ಜಾಗವಿದೆಯೆಂದು ಸ್ಕೇಲಿನಿಂದ ಅಳೆದು ಬರೆದುಕೊಂಡು ಅಂಗಡಿಗೆ ಹೋಗುವುದೇ ಸರಿಯಾದ ಕ್ರಮ. ತಗಡಿನಿಂದ ಡೋರ್ ಪ್ಯಾಡಿನ (ಬಾಗಿಲಿನ ಒಳಬದಿ ಮುಚ್ಚುವ ಫಲಕದ) ಜಾಲರಿಯವರೆಗಿನ ಅಂತರವನ್ನೂ ಬರೆದುಕೊಳ್ಳಬೇಕು, ಏಕೆಂದರೆ ಮುಂದಕ್ಕೆ ಚಾಚಿದ ಟ್ವೀಟರ್ (ಏರು ಸ್ವರಗಳನ್ನು ನುಡಿಸುವ ಸಣ್ಣ ಸ್ಪೀಕರ್) ಜಾಲರಿಗೆ ಬಡಿಯುವ ಸಾಧ್ಯತೆಯಿದೆ.

ನಮ್ಮ ಹವೆಗೆ ಕೋನಿನ ವಸ್ತು ಬಹಳ ಮುಖ್ಯ. ಲೇಪನವಿಲ್ಲದ ಕಾಗದದ ಕೋನ್ ತೇವಕ್ಕೆ ಮೆತ್ತಗಾಗುತ್ತದೆ, ಫೋಮಿನ ಅಂಚು ಕಾಲಕ್ರಮದಲ್ಲಿ ಪುಡಿಪುಡಿಯಾಗುತ್ತದೆ. ಪಾಲಿಪ್ರೊಪಿಲೀನ್ ಕೋನ್ ಮತ್ತು ರಬ್ಬರಿನ ಅಂಚು ಇರುವುದನ್ನೇ ಕೇಳಿ ಪಡೆಯಬೇಕು. ಕೋಕ್ಸಿಯಲ್ ಬೇಕೋ ಕಾಂಪೊನೆಂಟ್ ಬೇಕೋ ಎಂಬ ಪ್ರಶ್ನೆಗೆ, ಮನೆಯಲ್ಲಿ ಮೊದಲ ಬಾರಿಗೆ ಕೆಲಸಕ್ಕೆ ಕೈಹಾಕುವವರಿಗೆ ಕೋಕ್ಸಿಯಲ್ ಸಾಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಟ್ವೀಟರ್ ಅದರಲ್ಲೇ ಕೂಡಿರುವುದರಿಂದ ಹೊಸ ವೈರು ಎಳೆಯುವ ಶ್ರಮವಿಲ್ಲ. ಕಾಂಪೊನೆಂಟ್ ಜೋಡಿಯಲ್ಲಿ ಟ್ವೀಟರನ್ನು ಕನ್ನಡಿಯ ತ್ರಿಕೋನದಲ್ಲೋ ಡ್ಯಾಶ್‌ಬೋರ್ಡಿನ ಮೇಲೋ ಕೂರಿಸಬಹುದಾದ್ದರಿಂದ ಧ್ವನಿ ಕಾಲಿನ ಬಳಿಯಿಂದ ಬರದೆ ಎದುರಿನಿಂದ ಬಂದಂತೆ ಕೇಳುತ್ತದೆ, ಆ ಸುಖ ನಿಜ. ಆದರೆ ಏರು ತಗ್ಗು ಸ್ವರಗಳನ್ನು ಬೇರೆ ಮಾಡಿ ಹಂಚುವ ಕ್ರಾಸ್‌ಓವರ್ ಪೆಟ್ಟಿಗೆಯನ್ನು ಒಣಗಿದ ಜಾಗದಲ್ಲಿ ಇಡಬೇಕು, ಬಾಗಿಲಿನ ಒದ್ದೆ ಬದಿಯಲ್ಲಿ ಎಂದೂ ಇಡಬಾರದು. ಕಾರಿನಲ್ಲಿ ಮೊದಲೇ ಪ್ರತ್ಯೇಕ ಟ್ವೀಟರ್ ಇದ್ದು ಬಾಗಿಲಿಗೆ ಕೋಕ್ಸಿಯಲ್ ಹಾಕಿದರೆ ಎರಡೆರಡು ಟ್ವೀಟರ್ ನುಡಿದು ಧ್ವನಿ ಕಿವಿಗೆ ಚುಚ್ಚುತ್ತದೆ, ಹಾಗಿದ್ದಾಗ ಹಳೆಯ ಟ್ವೀಟರಿನ ಕಪ್ಲರನ್ನು ಬಿಚ್ಚಿ ಟೇಪು ಸುತ್ತಿಡುವುದು ಒಳ್ಳೆಯದು.

ಸ್ಪೀಕರನ್ನು ತಗಡಿಗೆ ಹೊಂದಿಸಲು ಬೇಕಾಗುವ ಸ್ಪೇಸರ್ ರಿಂಗನ್ನು ಅನೇಕ ಕಡೆ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆಯಲ್ಲಿ ಕತ್ತರಿಸಿ ಕೊಡುತ್ತಾರೆ. ಮಲೆನಾಡಿನಲ್ಲಿ ಅದನ್ನು ಒಪ್ಪಲೇಬಾರದು. ಎಂಡಿಎಫ್ ನೀರು ಕುಡಿದು ಉಬ್ಬುತ್ತದೆ, ಸ್ಕ್ರೂ ಹಿಡಿತ ಬಿಡುತ್ತದೆ, ಆಮೇಲೆ ಸ್ಪೀಕರ್ ಸಡಿಲವಾಗಿ ಗುಂಯ್‌ಗುಡುತ್ತದೆ. ಆಯಾ ಕಾರಿನ ಮಾದರಿಗೆಂದೇ ತಯಾರಾದ ಎಬಿಎಸ್ ಪ್ಲಾಸ್ಟಿಕ್ ರಿಂಗ್ ಉತ್ತಮ. ಅದು ಸಿಗದಿದ್ದರೆ ದಪ್ಪ ಪಿವಿಸಿ ಹಾಳೆಯಲ್ಲಿ ಕತ್ತರಿಸಿಕೊಳ್ಳಬಹುದು. ಮರವೇ ಬೇಕಾದರೆ ಮೆರೈನ್ ಪ್ಲೈವುಡ್ಡಿಗೆ ಕತ್ತರಿಸಿದ ಅಂಚುಗಳೂ ಸೇರಿದಂತೆ ಎಲ್ಲ ಕಡೆ ಎರಡು ಸಲ ವಾರ್ನಿಷ್ ಬಳಿದು ಪೂರ್ತಿ ಒಣಗಿಸಿದ ಮೇಲೆ ಬಳಸಬಹುದು.

ಈ ಕೆಲಸಕ್ಕೆ ಮಳೆ ಹಿಡಿದ ತಿಂಗಳುಗಳು ಸಲ್ಲವು. ಸಂದಿ ಮುಚ್ಚಲು ಬಳಸುವ ಬ್ಯೂಟೈಲ್ ರಬ್ಬರಿನ ಅಂಟು ತೇವದ ತಗಡಿಗೆ ಹಿಡಿಯುವುದಿಲ್ಲ, ಒದ್ದೆಯಾಗಿಯೇ ಮುಚ್ಚಿದ ಬಾಗಿಲಿನಲ್ಲಿ ಬೂಸಲು ಬರುತ್ತದೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗಿನ ಬಿಸಿಲಿನ ದಿನವೊಂದನ್ನು ಆರಿಸಿಕೊಳ್ಳಬೇಕು. ಹಾಗೆಂದು ಚಳಿಗಾಲದ ಬೆಳಗಿನ ಮಂಜಿನಲ್ಲೇ ಆರಂಭಿಸುವುದೂ ಸರಿಯಲ್ಲ. ತಣ್ಣಗಿರುವ ಪ್ಲಾಸ್ಟಿಕ್ ಕ್ಲಿಪ್ಪುಗಳು ಬೇಗ ಮುರಿಯುತ್ತವೆ. ಹೊತ್ತೇರಿ ಕಾರು ಬಿಸಿಲು ಕಂಡ ಮೇಲೆ ನೆರಳಿಗೆ ತಂದು ನಿಲ್ಲಿಸಿ ಕೆಲಸ ಹಿಡಿದರೆ ಕ್ಲಿಪ್ಪುಗಳೂ ಅಂಟೂ ಮಾತು ಕೇಳುತ್ತವೆ. ಅಡಿಕೆ ಹರವಿದ ಅಂಗಳವನ್ನು ಬಿಟ್ಟು, ದೂಳಿಲ್ಲದ ಜಾಗದಲ್ಲಿ ಹಳೆಯ ಕಂಬಳಿಯನ್ನೋ ಚಾಪೆಯನ್ನೋ ಹಾಸಿಕೊಂಡರೆ ಬಿಚ್ಚಿದ ಪ್ಯಾಡಿಗೆ ಗೀರು ಬೀಳುವುದಿಲ್ಲ. ಸ್ಟಾರ್ ಸ್ಕ್ರೂಡ್ರೈವರ್, ೧೦ ನಂಬರ್ ಸ್ಪ್ಯಾನರ್, ಪ್ಯಾಡ್ ಎಬ್ಬಿಸುವ ಪ್ಲಾಸ್ಟಿಕ್ ಪಟ್ಟಿ, ಮಲ್ಟಿಮೀಟರ್, ಕ್ರಿಂಪಿಂಗ್ ಪ್ಲೈಯರ್, ಹೀಟ್ ಶ್ರಿಂಕ್ ಟ್ಯೂಬ್ (ಬಿಸಿಗೆ ಕುಗ್ಗಿ ವೈರಿನ ಜೋಡಣೆಯನ್ನು ಮುಚ್ಚುವ ಕೊಳವೆ), ಬ್ಯೂಟೈಲ್ ಟೇಪ್, ಟಾರ್ಚ್ ಇಷ್ಟಿದ್ದರೆ ಸಾಕು. ಕೆಲವು ಡೋರ್ ಕ್ಲಿಪ್ಪುಗಳನ್ನು ಮೊದಲೇ ತಂದಿಟ್ಟುಕೊಳ್ಳಬೇಕು; ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಕಡೆ ಹೋದಾಗ ನಿಮ್ಮ ಕಾರಿನ ಮಾದರಿ ಮತ್ತು ವರ್ಷ ಹೇಳಿ ಕೇಳಿದರೆ ಒಳಿತು.

ಮೊದಲು ಕೀಲಿಯನ್ನು ತೆಗೆದು ಜೇಬಿನಲ್ಲಿಟ್ಟುಕೊಂಡು, ಬ್ಯಾಟರಿಯ ನೆಗೆಟಿವ್ ಕಡೆಯ ಕ್ಲ್ಯಾಂಪನ್ನು ಸಡಿಲಿಸಿ ತೆಗೆದಿಡಬೇಕು, ಆಮೇಲೆ ಕೆಲವು ನಿಮಿಷ ಕಾಯಬೇಕು. ಇದು ಶಾಸ್ತ್ರಕ್ಕೆ ಹೇಳುವ ಮಾತಲ್ಲ. ಬದಿಯ ಏರ್‌ಬ್ಯಾಗ್ ಇರುವ ಕೆಲವು ಕಾರುಗಳಲ್ಲಿ ಬಾಗಿಲಿನೊಳಗೇ ಒಂದು ಒತ್ತಡದ ಸೆನ್ಸರ್ ಇದ್ದು, ಡಿಕ್ಕಿಯಾದಾಗ ಬಾಗಿಲಿನೊಳಗಿನ ಗಾಳಿಯ ಒತ್ತಡ ಏರುವುದನ್ನು ಗುರುತಿಸಿ ಅದು ಏರ್‌ಬ್ಯಾಗಿಗೆ ಸೂಚನೆ ಕೊಡುತ್ತದೆ. ಅಂತಹ ಸೆನ್ಸರನ್ನೂ ಹಳದಿ ಬಣ್ಣದ ಕಪ್ಲರುಗಳನ್ನೂ ಮುಟ್ಟಲೇಬಾರದು, ಅವುಗಳ ವೈರಿಗೆ ಮಲ್ಟಿಮೀಟರ್ ಹಿಡಿಯಬಾರದು.

ಡೋರ್ ಪ್ಯಾಡಿನ ಸ್ಕ್ರೂಗಳು ಸಾಮಾನ್ಯವಾಗಿ ಮೂರು ಕಡೆ ಅಡಗಿರುತ್ತವೆ: ಒಳಹಿಡಿಯ ಹಿಂದಿನ ಸಣ್ಣ ಮುಚ್ಚಳದ ಕೆಳಗೆ, ಬಾಗಿಲೆಳೆಯುವ ಬಟ್ಟಲಿನ ತಳದಲ್ಲಿ, ಮತ್ತು ಪ್ಯಾಡಿನ ಕೆಳ ಅಂಚಿನಲ್ಲಿ. ಎಲ್ಲ ಸ್ಕ್ರೂ ತೆಗೆದ ಮೇಲೆ ಕೆಳಗಿನ ಮೂಲೆಯಿಂದ ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಕ್ಲಿಪ್ಪಿಗೆ ಆದಷ್ಟು ಹತ್ತಿರದಲ್ಲಿ ಎಬ್ಬಿಸುತ್ತ ಸುತ್ತ ಬರಬೇಕು. ಎಲ್ಲಿಯಾದರೂ ಬಿಗಿಯೆನಿಸಿದರೆ ಬಲ ಹಾಕುವುದನ್ನು ನಿಲ್ಲಿಸಿ, ಬಿಟ್ಟುಹೋದ ಸ್ಕ್ರೂ ಇದೆಯೇ ಎಂದು ಟಾರ್ಚ್ ಹಿಡಿದು ಹುಡುಕಬೇಕು. ಕ್ಲಿಪ್ಪುಗಳೆಲ್ಲ ಬಿಟ್ಟ ಮೇಲೆ ಪ್ಯಾಡನ್ನು ನೇರವಾಗಿ ಎಳೆಯದೆ ಮೇಲಕ್ಕೆತ್ತಿದರೆ ಗಾಜಿನ ಅಂಚಿನಿಂದ ಕಳಚಿಕೊಳ್ಳುತ್ತದೆ. ಆಗಲೂ ಅದು ಪವರ್ ವಿಂಡೋ ಸ್ವಿಚ್ಚಿನ ವೈರಿಗೂ ಲಾಕಿನ ಕೇಬಲ್ಲಿಗೂ ತಗುಲಿಕೊಂಡಿರುವುದರಿಂದ, ಯಾವುದು ಎಲ್ಲಿತ್ತೆಂದು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ನಿಧಾನವಾಗಿ ಬಿಡಿಸಬೇಕು.

ಈಗ ಎದುರಿಗೆ ಕಾಣುವ, ಕಪ್ಪು ಗಮ್ಮಿನಿಂದ ಅಂಟಿಸಿದ ಪ್ಲಾಸ್ಟಿಕ್ ಶೀಟ್ ಈ ಇಡೀ ಕೆಲಸದ ಹೃದಯ. ಒದ್ದೆ ಜಾಗವನ್ನೂ ನಾವು ಕುಳಿತುಕೊಳ್ಳುವ ಒಣ ಜಾಗವನ್ನೂ ಬೇರೆ ಮಾಡುವುದು ಅದೊಂದೇ. ಇದನ್ನು ಬೇಡದ ಪ್ಯಾಕಿಂಗ್ ಎಂದು ತಿಳಿದು ಬ್ಲೇಡಿನಿಂದ ಕೊಯ್ದು ಹಾಕುವ ಅಂಗಡಿಯವರಿದ್ದಾರೆ. ಮುಂದಿನ ಆಷಾಢದಲ್ಲಿ ಆ ಕಾರಿನ ನೆಲಹಾಸು ಒದ್ದೆಯಾಗಿ ವಾಸನೆ ಹಿಡಿದಾಗ ಮಾಲೀಕನಿಗೆ ಕಾರಣವೇ ಹೊಳೆಯುವುದಿಲ್ಲ. ಹೆಚ್ಚಿನ ಕಾರುಗಳಲ್ಲಿ ಸ್ಪೀಕರ್ ಈ ಶೀಟಿನ ಹೊರಗೇ ಇರುವುದರಿಂದ ಶೀಟನ್ನು ಮುಟ್ಟುವ ಅಗತ್ಯ ಬರುವುದಿಲ್ಲ. ಬಂದರೆ ಗಮ್ಮನ್ನು ಹೇರ್ ಡ್ರೈಯರಿನಿಂದ ಮೃದುಗೊಳಿಸಿ, ಬೇಕಾದಷ್ಟೇ ಮೂಲೆಯನ್ನು ಬಿಡಿಸಿ, ಗಮ್ಮಿಗೆ ದೂಳು ಹತ್ತದಂತೆ ಮೇಲಕ್ಕೆ ಮಡಿಸಿ ಟೇಪಿನಿಂದ ನಿಲ್ಲಿಸಬೇಕು. ಹರಿದಿದ್ದರೆ ಅಗಲವಾದ ಬ್ಯೂಟೈಲ್ ಟೇಪಿನಿಂದ ತೇಪೆ ಹಾಕಬೇಕು. ಶೀಟಿನ ಕೆಳ ಅಂಚು ತಗಡಿನ ಸೀಳಿನ ಮೂಲಕ ಬಾಗಿಲಿನ ಒಳಕ್ಕೆ ಹೋಗಿದ್ದರೆ ಅದನ್ನು ಹಾಗೆಯೇ ಮರಳಿ ಒಳಕ್ಕೆ ಸೇರಿಸುವುದು ಕಡ್ಡಾಯ. ಹೊರಗೆ ಬಿಟ್ಟರೆ ಶೀಟಿನ ಮೇಲೆ ಇಳಿದ ನೀರು ನೇರವಾಗಿ ನಮ್ಮ ಕಾಲಬುಡಕ್ಕೆ ಬರುತ್ತದೆ.

ಹಳೆಯ ಸ್ಪೀಕರ್ ಸ್ಕ್ರೂವಿನಲ್ಲಿದ್ದರೆ ಸುಲಭ. ರಿವೆಟ್ ಹೊಡೆದಿದ್ದರೆ ರಿವೆಟ್ಟಿನ ತಲೆಯನ್ನು ಡ್ರಿಲ್ಲಿನಿಂದ ಕೊರೆದು ತೆಗೆಯಬೇಕಾಗುತ್ತದೆ, ಆಗ ಬೀಳುವ ಲೋಹದ ಪುಡಿಯನ್ನು ಒಂದು ಚೂರೂ ಬಿಡದೆ ಒರೆಸಬೇಕು, ಏಕೆಂದರೆ ಅದು ಅಯಸ್ಕಾಂತಕ್ಕೆ ಅಂಟಿದರೆ ಕಾಯಿಲಿನ ಸಂದಿಗೆ ಸೇರಬಹುದು, ತಳಕ್ಕೆ ಬಿದ್ದರೆ ಅಲ್ಲೇ ತುಕ್ಕು ಹಿಡಿಯುತ್ತದೆ. ಕೊರೆದ ತೂತಿನ ಅಂಚಿಗೂ ಬಣ್ಣ ಎದ್ದ ಕಡೆಗೂ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ ಒಣಗಲು ಬಿಡಬೇಕು. ಬಾಗಿಲು ತೆರೆದಿರುವಾಗಲೇ ತಳದ ತೂತುಗಳನ್ನೂ ನೋಡಿಬಿಡಬೇಕು. ಮರದಡಿ ನಿಲ್ಲುವ ಕಾರುಗಳಲ್ಲಿ ಎಲೆಯ ಚೂರು, ಕೆಂಪು ಮಣ್ಣು ಸೇರಿ ಅವು ಕಟ್ಟಿಕೊಂಡಿರುತ್ತವೆ. ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ, ಒಂದು ಲೋಟ ನೀರು ಒಳಗೆ ಸುರಿದು ತಡೆಯಿಲ್ಲದೆ ಹೊರಗೆ ಬರುವುದನ್ನು ಕಣ್ಣಾರೆ ಕಂಡು, ಒಣಗಿಸಿ ಮುಂದುವರಿಯಬೇಕು.

ಕಾರಿನ ಮೂಲ ವೈರನ್ನು ಕತ್ತರಿಸಬಾರದು. ನಿಮ್ಮ ಮಾದರಿಯ ಕಪ್ಲರಿಗೆ ಹೊಂದುವ ಅಡಾಪ್ಟರ್ ವೈರು ಕಡಿಮೆ ಬೆಲೆಗೆ ಸಿಗುತ್ತದೆ, ಕತ್ತರಿಸಿದ ವೈರಿನಿಂದ ಗ್ಯಾರಂಟಿಯ ವಿಷಯದಲ್ಲಿ ತಕರಾರು ಬರಬಹುದು. ಸ್ಪೀಕರಿನ ಎರಡು ಕಾಲುಗಳಲ್ಲಿ ಅಗಲವಾದದ್ದು ಸಾಮಾನ್ಯವಾಗಿ ಪಾಸಿಟಿವ್, ಸಣ್ಣದು ನೆಗೆಟಿವ್. ಕಾರಿನ ಕಡೆಯ ಯಾವ ವೈರು ಪಾಸಿಟಿವ್ ಎಂಬುದು ಬಣ್ಣದಿಂದ ತಿಳಿಯದಿದ್ದರೆ, ಕಳಚಿದ ಹಳೆಯ ಸ್ಪೀಕರಿನ ಕಾಲುಗಳಿಗೆ ೧.೫ ವೋಲ್ಟಿನ ಪೆನ್ ಟಾರ್ಚ್ ಸೆಲ್ಲನ್ನು ಒಂದು ಕ್ಷಣ ಮುಟ್ಟಿಸಿ ನೋಡಬೇಕು. ಕೋನ್ ಹೊರಕ್ಕೆ ಚಿಮ್ಮಿದಾಗ ಸೆಲ್ಲಿನ ಪಾಸಿಟಿವ್ ತಾಗಿದ ಕಾಲೇ ಪಾಸಿಟಿವ್, ಅದಕ್ಕೆ ಸೇರುತ್ತಿದ್ದ ವೈರನ್ನೇ ಹೊಸದರ ಪಾಸಿಟಿವ್‌ಗೆ ಕೊಡಬೇಕು. ಸ್ಟೀರಿಯೋಗೆ ಸೇರಿರುವ ವೈರಿಗೆ ಸೆಲ್ ಮುಟ್ಟಿಸಬಾರದು. ಎಡ ಬಲಗಳಲ್ಲಿ ಒಂದು ತಿರುಗಾಮುರುಗಾ ಆದರೆ ಎರಡೂ ಕೋನುಗಳು ಎದುರುಬದುರಾಗಿ ಚಲಿಸಿ ಒಂದರ ಬೇಸನ್ನು (ತಗ್ಗು ಸ್ವರವನ್ನು) ಇನ್ನೊಂದು ಅಳಿಸಿಹಾಕುತ್ತದೆ. ಹೊಸ ಸ್ಪೀಕರಿನಲ್ಲಿ ಬೇಸೇ ಇಲ್ಲವೆಂಬ ದೂರಿಗೆ ಹಲವು ಸಲ ಇದೇ ಕಾರಣ. ಇನ್ನೊಂದು ಮಾತನ್ನು ಮರೆಯಬಾರದು: ಇಂದಿನ ಸ್ಟೀರಿಯೋಗಳಲ್ಲಿ ಸ್ಪೀಕರಿನ ನೆಗೆಟಿವ್ ವೈರು ಅರ್ಥ್ ಅಲ್ಲ, ಅದನ್ನು ಕಾರಿನ ಲೋಹದ ಮೈಗೆ ಮುಟ್ಟಿಸಿದರೆ ಐಸಿ ಹಾಳಾಗುತ್ತದೆ. ಜೋಡಣೆಗಳನ್ನೆಲ್ಲ ಕ್ರಿಂಪ್ ಮಾಡಿ ಹೀಟ್ ಶ್ರಿಂಕ್ ಹಾಕಬೇಕು, ಬರಿಯ ಇನ್ಸುಲೇಷನ್ ಟೇಪ್ ನಮ್ಮ ತೇವಕ್ಕೆ ಬಿಟ್ಟುಕೊಳ್ಳುತ್ತದೆ. ವೈರು ಸ್ಪೀಕರಿಗೆ ಮೇಲಿನಿಂದ ನೇರವಾಗಿ ಇಳಿಯದೆ, ಒಮ್ಮೆ ಕೆಳಗೆ ಬಳಸಿ ಮೇಲೇರುವಂತೆ ಬಿಟ್ಟರೆ ವೈರು ಹಿಡಿದು ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ತಗಡಿಗೂ ರಿಂಗಿಗೂ ನಡುವೆ, ರಿಂಗಿಗೂ ಸ್ಪೀಕರಿಗೂ ನಡುವೆ ಫೋಮ್ ಗ್ಯಾಸ್ಕೆಟ್ ಅಥವಾ ಬ್ಯೂಟೈಲ್ ಪಟ್ಟಿಯನ್ನು ಎಲ್ಲಿಯೂ ಬಿಡುವಿಲ್ಲದಂತೆ ಸುತ್ತ ಕೂರಿಸಬೇಕು. ನೀರನ್ನು ತಡೆಯುವುದಕ್ಕೂ ಬೇಸು ಉಳಿಯುವುದಕ್ಕೂ ಇದೊಂದೇ ಉಪಾಯ. ಕೋನಿನ ಹಿಂದಿನ ಗಾಳಿ ಮುಂದಿನ ಗಾಳಿಯೊಂದಿಗೆ ಸಂದಿಯಲ್ಲಿ ಬೆರೆತರೆ ಎಂತಹ ಸ್ಪೀಕರಾದರೂ ಸಪ್ಪೆಯಾಗಿ ಕೇಳುತ್ತದೆ. ಸಿಲಿಕೋನ್ ಬಳಸಲೇಬೇಕಾದರೆ ವಿನೆಗರ್ ವಾಸನೆ ಬರುವ ಬಗೆಯದು ಬೇಡ, ಅದರ ಆಮ್ಲ ತಗಡನ್ನು ತಿನ್ನುತ್ತದೆ. ಸ್ಕ್ರೂಗಳನ್ನು ಒಂದರ ಎದುರಿನದು ಒಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು, ಇಲ್ಲದಿದ್ದರೆ ಸ್ಪೀಕರಿನ ಚೌಕಟ್ಟು ತಿರುಚಿ ಕಾಯಿಲ್ ಉಜ್ಜುತ್ತದೆ. ಹಿಂಬದಿಯಲ್ಲಿ ಅಯಸ್ಕಾಂತದ ಮೇಲ್ಭಾಗಕ್ಕೆ ಒಂದು ಪ್ಲಾಸ್ಟಿಕ್ ಮರೆ ಕೂರಿಸುವುದನ್ನು ನಾನು ಮಲೆನಾಡಿನ ಪ್ರತಿ ಕಾರಿಗೂ ಒತ್ತಿ ಹೇಳುತ್ತೇನೆ. ಮಳೆಗೆ ಹಿಡಿದ ಕೊಡೆಯ ಹಾಗೆ ಅದು ಮೇಲಿನಿಂದ ಬೀಳುವ ಹನಿಯನ್ನು ಪಕ್ಕಕ್ಕೆ ಸರಿಸಿದರೆ ಸಾಕು, ಗಾಜಿನ ದಾರಿಗೆ ಮಾತ್ರ ಅಡ್ಡ ಬರಬಾರದು. ಇದಕ್ಕೆಂದು ಮಾರುವ ಫೋಮಿನ ಬಟ್ಟಲನ್ನು ಬಳಸುವವರು ಅದರ ಕೆಳಗಿನ ಅರ್ಧವನ್ನು ಕತ್ತರಿಸಿ ತೆಗೆಯಬೇಕು. ಪೂರ್ತಿ ಬಟ್ಟಲು ನೀರನ್ನು ಹಿಡಿದಿಟ್ಟುಕೊಂಡು ಇದ್ದ ಸ್ಪೀಕರನ್ನೂ ಕೆಡಿಸುತ್ತದೆ.

ತಗಡಿನ ಕಂಪನ ತಗ್ಗಿಸುವ ಡ್ಯಾಂಪಿಂಗ್ ಶೀಟ್ ಹಾಕುವ ಆಸೆಯಿದ್ದರೆ ಇದೇ ಸಮಯ. ಡಾಂಬರಿನದು ಬಿಸಿಲಿಗೆ ಜಾರುತ್ತದೆ, ವಾಸನೆಯೂ ಬರುತ್ತದೆ, ಬ್ಯೂಟೈಲಿನದನ್ನೇ ತರಬೇಕು. ಸ್ಪೀಕರಿನ ನೇರ ಹಿಂದಿರುವ ಹೊರತಗಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಒಣಗಿಸಿ, ಶೀಟ್ ಅಂಟಿಸಿ ರೋಲರಿನಿಂದ ಒತ್ತಬೇಕು. ಇಡೀ ಬಾಗಿಲಿಗೆ ಹಚ್ಚುವ ಅಗತ್ಯವಿಲ್ಲ, ತಳದ ತೂತುಗಳ ಹತ್ತಿರಕ್ಕಂತೂ ಶೀಟ್ ಹೋಗಲೇಕೂಡದು.

ಪ್ಯಾಡನ್ನು ಮುಚ್ಚುವ ಮೊದಲು ಪವರ್ ವಿಂಡೋ ಸ್ವಿಚ್ಚಿನ ಕಪ್ಲರ್ ಸೇರಿಸಿ, ಬ್ಯಾಟರಿ ಕೊಟ್ಟು, ಗಾಜನ್ನು ಪೂರ್ತಿ ಇಳಿಸಿ ಏರಿಸಿ, ಎಲ್ಲಿಯೂ ತಾಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸ್ಟೀರಿಯೋವನ್ನು ಕಡಿಮೆ ಧ್ವನಿಯಲ್ಲಿ ಹಚ್ಚಿ ಸ್ಪೀಕರ್ ನುಡಿಯುವುದನ್ನು ಕೇಳಿ, ಮತ್ತೆ ಬ್ಯಾಟರಿ ತೆಗೆದು ಪ್ಯಾಡ್ ಕೂರಿಸಬೇಕು. ಮೊದಲು ಲಾಕಿನ ಕೇಬಲ್, ಆಮೇಲೆ ಕಪ್ಲರುಗಳು, ಅನಂತರ ಪ್ಯಾಡಿನ ಮೇಲಂಚು, ಕೊನೆಗೆ ಕ್ಲಿಪ್ಪುಗಳು. ಬಾಗಿಲನ್ನು ಹಾಕುವ ಮುನ್ನ ಒಳಹಿಡಿ ಕೆಲಸ ಮಾಡುತ್ತಿದೆಯೇ ಎಂದು ತೆರೆದ ಬಾಗಿಲಿನಲ್ಲೇ ನೋಡಬೇಕು. ಬ್ಯಾಟರಿ ತೆಗೆದಿದ್ದರಿಂದ ಕೆಲವು ಕಾರುಗಳಲ್ಲಿ ಗಡಿಯಾರವನ್ನೂ ಗಾಜಿನ ಆಟೋ ಅಪ್ ಸೌಲಭ್ಯವನ್ನೂ ಮತ್ತೆ ಹೊಂದಿಸಬೇಕಾಗುತ್ತದೆ.

ಕಿವಿಯಿಂದ ಪರೀಕ್ಷಿಸಲು ಭದ್ರಾವತಿ ಆಕಾಶವಾಣಿಯ ವಾರ್ತೆ ಒಳ್ಳೆಯ ಸಾಧನ. ಓದುವವರ ಮಾತು ಡ್ಯಾಶ್‌ಬೋರ್ಡಿನ ನಡುವಿನಿಂದ ಬಂದಂತೆ ಕೇಳಿದರೆ ಎಡ ಬಲದ ವೈರು ಸರಿಯಾಗಿದೆ. ಎಲ್ಲಿಂದ ಬರುತ್ತಿದೆಯೆಂದು ತಿಳಿಯದಂತೆ ಚದುರಿ ಕೇಳಿದರೆ ಒಂದು ಕಡೆ ತಿರುಗಾಮುರುಗಾ ಆಗಿದೆ. ಆಮೇಲೆ ಒಂದು ಯಕ್ಷಗಾನದ ಧ್ವನಿಮುದ್ರಣ ಹಾಕಿ ಕೇಳಬೇಕು. ಚೆಂಡೆಯ ಪೆಟ್ಟು ಕಿವಿಗೆ ಚುಚ್ಚದೆ ಬಿಡಿಬಿಡಿಯಾಗಿ ಕೇಳುತ್ತಿದ್ದು, ಮದ್ದಳೆಯ ನಾದ ತುಂಬಿಕೊಂಡು, ಅವೆರಡರ ನಡುವೆ ಭಾಗವತರ ಸಾಹಿತ್ಯ ಅಕ್ಷರ ಅಕ್ಷರವಾಗಿ ತಿಳಿಯುತ್ತಿದ್ದರೆ ಕೆಲಸ ಚೆನ್ನಾಗಿ ಆಗಿದೆ ಎಂದು ನಂಬಬಹುದು. ಮದ್ದಳೆಯ ಪೆಟ್ಟಿಗೆ ಪ್ಯಾಡ್ ಟರ್ರೆನ್ನುತ್ತಿದ್ದರೆ ಅಂಗೈಯಿಂದ ಅಲ್ಲಲ್ಲಿ ಒತ್ತಿ ಜಾಗ ಪತ್ತೆ ಮಾಡಿ, ಕ್ಲಿಪ್ಪಿನ ಬುಡಕ್ಕೆ ತೆಳು ಫೋಮ್ ಇಡಬೇಕು. ಸ್ಟೀರಿಯೋದಲ್ಲಿ ತೀರ ತಗ್ಗಿನ ಸ್ವರಗಳನ್ನು ತಡೆಯುವ ಹೈ ಪಾಸ್ ಫಿಲ್ಟರ್ ಇದ್ದರೆ ೮೦ ಹರ್ಟ್ಸ್ ಆಸುಪಾಸಿಗೆ ಇಟ್ಟರೆ ಸಣ್ಣ ಕೋನಿಗೆ ಮೀರಿದ ಭಾರ ಬೀಳದೆ ಧ್ವನಿ ಸ್ಪಷ್ಟವಾಗುತ್ತದೆ. ಬೇಸ್ ಮತ್ತು ಟ್ರೆಬಲ್‌ಗಳನ್ನು ಮೊದಲಿಗೆ ಸೊನ್ನೆಯಲ್ಲೇ ಇಟ್ಟು ಕೆಲವು ದಿನ ಕೇಳಿದ ಮೇಲೆ ಬದಲಾಯಿಸುವುದು ಉತ್ತಮ.

ಮಳೆಗಾಲದವರೆಗೆ ಕಾಯದೆ, ಗಾಜು ಮುಚ್ಚಿ, ರಬ್ಬರ್ ಬೀಡಿಂಗಿನ ಮೇಲೆ ಪೈಪಿನಿಂದ ಸುಮಾರು ಹತ್ತು ನಿಮಿಷ ನಿಧಾನವಾಗಿ ನೀರು ಬಿಟ್ಟು ನೋಡಬೇಕು. ನೀರು ಬಾಗಿಲಿನ ತಳದಿಂದ ಹೊರಗೆ ಸುರಿಯಬೇಕು, ಮೆಟ್ಟಿಲ ಪಟ್ಟಿಯ ಒಳಬದಿ ಮತ್ತು ನೆಲಹಾಸಿನ ಅಡಿ ಒಣಗಿಯೇ ಇರಬೇಕು. ಅಲ್ಲಿ ಟಿಶ್ಯೂ ಕಾಗದ ಒತ್ತಿ ನೋಡಿದರೆ ಸಣ್ಣ ಪಸೆಯೂ ಗೊತ್ತಾಗುತ್ತದೆ. ಒದ್ದೆ ಕಂಡರೆ ಶೀಟಿನ ಕೆಳ ಅಂಚನ್ನೇ ಮೊದಲು ಅನುಮಾನಿಸಬೇಕು. ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ ತಳದ ತೂತುಗಳನ್ನು ಬಿಡಿಸಿಕೊಳ್ಳಬೇಕು. ತೆಗೆದ ಹಳೆಯ ಸ್ಪೀಕರುಗಳು ಕೆಲಸ ಮಾಡುವ ಸ್ಥಿತಿಯಲ್ಲಿದ್ದರೆ ಅವುಗಳ ಸ್ಕ್ರೂಗಳೊಂದಿಗೆ ಒಂದು ಡಬ್ಬಿಯಲ್ಲಿ ಹಾಕಿ ಒಣ ಜಾಗದಲ್ಲಿಡಿ; ಮೂಲ ವೈರನ್ನು ಕತ್ತರಿಸದೇ ಇದ್ದುದರಿಂದ, ಕಾರು ಮಾರುವ ದಿನ ಅವನ್ನೇ ಮರಳಿ ಸೇರಿಸಿ ಹೊಸ ಸ್ಪೀಕರುಗಳನ್ನು ಮುಂದಿನ ಕಾರಿಗೆ ಉಳಿಸಿಕೊಳ್ಳಬಹುದು.